ನಾಯಿಯ ಅಡ್ರಿನಲ್ ಗಡ್ಡೆ: ಸ್ಕ್ಯಾನಿಂಗ್ ಸಾಕಾ, ರಕ್ತ ಪರೀಕ್ಷೆ ಬೇಕಾ, ಸಿ.ಟಿ.ಗೆ ಹೋಗಬೇಕಾ?

ಹತ್ತು ವರ್ಷ ದಾಟಿದ ನಾಯಿ. ನೀರು ಕುಡಿಯುವುದು ಜಾಸ್ತಿಯಾಗಿದೆ, ರಾತ್ರಿ ಎದ್ದು ಮನೆಯೊಳಗೇ ಉಚ್ಚೆ ಹೊಯ್ಯುತ್ತದೆ, ಹೊಟ್ಟೆ ಜೋತುಬಿದ್ದಿದೆ. ಡಾಕ್ಟ್ರು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದರು. ರಿಪೋರ್ಟಿನಲ್ಲಿ ಎಡಗಡೆಯ ಅಡ್ರಿನಲ್ ಗ್ರಂಥಿಯಲ್ಲಿ 1.8 ಸೆಂ.ಮೀ. ಗಂಟು ಎಂದು ಬಂದಿದೆ. ಈಗ ಒಬ್ಬರು ಸಿ.ಟಿ. ಮಾಡಿಸಿ ಅನ್ನುತ್ತಾರೆ. ಇನ್ನೊಬ್ಬರು ಮೊದಲು ಹಾರ್ಮೋನ್ ಪರೀಕ್ಷೆ ಅನ್ನುತ್ತಾರೆ. ಮತ್ತೊಬ್ಬರು ಒಂದು ತಿಂಗಳು ಬಿಟ್ಟು ಇನ್ನೊಮ್ಮೆ ಸ್ಕ್ಯಾನ್ ಮಾಡೋಣ ಅನ್ನುತ್ತಾರೆ. ಮೂವರೂ ತಪ್ಪು ಹೇಳುತ್ತಿಲ್ಲ. ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ಪ್ರಶ್ನೆ ಇದೆ, ಅಷ್ಟೇ. ನಿಮ್ಮ ನಾಯಿಗೆ ಈಗ ಯಾವ ಪ್ರಶ್ನೆ ಮುಖ್ಯ ಅನ್ನುವುದು ಗೊತ್ತಾದರೆ ಪರೀಕ್ಷೆ ಆರಿಸುವುದು ಕಷ್ಟವಲ್ಲ.

ಅಡ್ರಿನಲ್ ಗ್ರಂಥಿಗಳು ಎರಡು. ಎರಡೂ ಕಿಡ್ನಿಗಳಿಗಿಂತ ಸ್ವಲ್ಪ ಮುಂದೆ, ಬೆನ್ನುಮೂಳೆಯ ಕಡೆಗೆ, ದೊಡ್ಡ ರಕ್ತನಾಳಗಳಿಗೆ ಅಂಟಿಕೊಂಡಂತೆ ಇರುತ್ತವೆ. ಹೊರಪದರ ಕಾರ್ಟಿಸಾಲ್ ಎಂಬ ಹಾರ್ಮೋನ್ ತಯಾರಿಸುತ್ತದೆ, ಒಳಭಾಗ ಅಡ್ರಿನಲಿನ್ ತಯಾರಿಸುತ್ತದೆ. ಹೊರಪದರದ ಗಡ್ಡೆ ಕಾರ್ಟಿಸಾಲ್ ಸುರಿಸಿದರೆ ಕುಷಿಂಗ್ ಕಾಯಿಲೆ. ನೀರು, ಉಚ್ಚೆ, ಹಸಿವು, ಏದುಸಿರು ಎಲ್ಲ ಜಾಸ್ತಿಯಾಗುತ್ತದೆ, ಮೈಯ ಎರಡೂ ಬದಿ ಕೂದಲು ಉದುರುತ್ತದೆ. ಒಳಭಾಗದ ಗಡ್ಡೆಗೆ ಫಿಯೋಕ್ರೋಮೋಸೈಟೋಮಾ ಎಂದು ಹೆಸರು. ಅದು ಅಡ್ರಿನಲಿನ್ ಜಾತಿಯ ಹಾರ್ಮೋನ್‌ಗಳನ್ನು ಬಿಟ್ಟು ಬಿಟ್ಟು ಚಿಮ್ಮಿಸುತ್ತದೆ. ಬಿ.ಪಿ. ಏರುತ್ತದೆ, ನಾಯಿ ಸುಮ್ನೆ ಮಲಗಿದ್ದಾಗಲೇ ಏದುಸಿರು ಬಿಡುತ್ತದೆ, ಒಮ್ಮೊಮ್ಮೆ ಕುಸಿದು ಬಿದ್ದು ಮತ್ತೆ ಏನೂ ಆಗದಂತೆ ಎದ್ದು ಓಡಾಡುತ್ತದೆ. ಯಾವ ಹಾರ್ಮೋನೂ ಸುರಿಸದೆ ತಣ್ಣಗೆ ಕೂತಿರುವ ಗಂಟುಗಳೂ ಇವೆ.

ಕುಷಿಂಗ್ ಬಂದ ನಾಯಿಗಳಲ್ಲಿ ನೂರಕ್ಕೆ 80ರಿಂದ 85ಕ್ಕೆ ಮೂಲ ತೊಂದರೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿರುತ್ತದೆ. ಅಡ್ರಿನಲ್ ಗಡ್ಡೆಯಿಂದ ಬರುವುದು ಉಳಿದ 15ರಿಂದ 20ರಷ್ಟು ಮಾತ್ರ. ಹಾಗಾಗಿ ಕುಷಿಂಗ್ ಅನುಮಾನ ಬಂದ ಕೂಡಲೇ ಅಡ್ರಿನಲ್ ಗಡ್ಡೆ ಎಂದು ಗಾಬರಿ ಬೀಳಬೇಡಿ.

ಯಾವುದರಿಂದ ಅಳೆಯೋಣ?

ನಾನು ಐದು ವಿಷಯ ನೋಡುತ್ತೇನೆ.

ಮೊದಲನೆಯದು, ಈ ಪರೀಕ್ಷೆ ಯಾವ ಪ್ರಶ್ನೆಗೆ ಉತ್ತರಿಸುತ್ತದೆ? ಗಡ್ಡೆ ಇದೆಯಾ? ಅದು ಹಾರ್ಮೋನ್ ಸುರಿಸುತ್ತಿದೆಯಾ? ಪಕ್ಕದ ರಕ್ತನಾಳದೊಳಗೆ ನುಗ್ಗಿದೆಯಾ? ಕ್ಯಾನ್ಸರ್ ಹೌದಾ? ಈ ನಾಲ್ಕಕ್ಕೂ ಒಟ್ಟಿಗೆ ಉತ್ತರ ಕೊಡುವ ಪರೀಕ್ಷೆ ಒಂದೂ ಇಲ್ಲ.

ಎರಡನೆಯದು, ಅರಿವಳಿಕೆ ಬೇಕಾ? ವಯಸ್ಸಾದ, ಬಿ.ಪಿ. ಏರಿದ ನಾಯಿಗೆ ಇದು ಸಣ್ಣ ಮಾತಲ್ಲ. ಮೂರನೆಯದು ಖರ್ಚು. ಅದರಲ್ಲಿ ಕಾರಿನ ಬಾಡಿಗೆ, ರಜೆ, ಅಷ್ಟು ದೂರದ ಪ್ರಯಾಣವನ್ನು ನಾಯಿ ತಡೆಯುತ್ತದೆಯಾ ಅನ್ನುವುದೂ ಸೇರಬೇಕು. ನಾಲ್ಕನೆಯದು, ಫಲಿತಾಂಶ ಮಾಡುವವರ ಕೈಚಳಕದ ಮೇಲೆ ಎಷ್ಟು ನಿಂತಿದೆ?

ಐದನೆಯದೇ ನನಗೆ ಎಲ್ಲಕ್ಕಿಂತ ದೊಡ್ಡದು. ಉತ್ತರ ಹೀಗೆ ಬಂದರೆ ಏನು ಮಾಡುತ್ತೀರಿ, ಹಾಗೆ ಬಂದರೆ ಏನು ಮಾಡುತ್ತೀರಿ? ಎರಡಕ್ಕೂ ನಿಮ್ಮ ಉತ್ತರ ಒಂದೇ ಆಗಿದ್ದರೆ ಆ ಪರೀಕ್ಷೆಯ ದುಡ್ಡು ಔಷಧಿಗೆ ಉಳಿಯಲಿ.

ಹೊಟ್ಟೆಯ ಸ್ಕ್ಯಾನಿಂಗ್, ಅಂದರೆ ಅಲ್ಟ್ರಾಸೌಂಡ್

ಶುರು ಮಾಡಬೇಕಾದದ್ದು ಇಲ್ಲಿಂದಲೇ. ಇದರಲ್ಲಿ ನನಗೆ ಅನುಮಾನವಿಲ್ಲ. ಅರಿವಳಿಕೆ ಬೇಡ, ನೋವಿಲ್ಲ, ಲಿವರ್, ಸ್ಪ್ಲೀನ್, ಕಿಡ್ನಿ, ಮೂತ್ರಕೋಶ ಎಲ್ಲವನ್ನೂ ಒಂದೇ ಸಲ ನೋಡಬಹುದು. ಸಿ.ಟಿ.ಗೆ ಹೋಲಿಸಿದರೆ ಖರ್ಚು ತೀರಾ ಕಡಿಮೆ.

ಹಿಂದಿನ ರಾತ್ರಿಯಿಂದ ಊಟ ಕೊಡಬಾರದು, ನೀರು ಕೊಡಬಹುದು. ಹೊಟ್ಟೆ ತುಂಬಿದ್ದರೆ ಗಾಳಿ ಸೇರಿ ತೆರೆಯ ಮೇಲೆ ಏನೂ ಕಾಣುವುದಿಲ್ಲ. ಹೊಟ್ಟೆಯ ಕೂದಲು ಬೋಳಿಸಿ, ಜೆಲ್ ಹಚ್ಚಿ, ನಾಯಿಯನ್ನು ಅಂಗಾತ ಅಥವಾ ಪಕ್ಕಕ್ಕೆ ಮಲಗಿಸುತ್ತಾರೆ. ಮನೆಯವರು ತಲೆ ಹಿಡಿದುಕೊಂಡು ಮಾತಾಡಿಸುತ್ತಿದ್ದರೆ ಎಷ್ಟೋ ನಾಯಿಗಳು ಸುಮ್ಮನಿರುತ್ತವೆ. ಕುಷಿಂಗ್ ಇರುವ ನಾಯಿಗೆ ಬೋಳಿಸಿದ ಕೂದಲು ಮತ್ತೆ ಬರಲು ತಿಂಗಳುಗಟ್ಟಲೆ ಹಿಡಿಯಬಹುದು. ಅದು ಕ್ಲಿನಿಕ್‌ನವರ ತಪ್ಪಲ್ಲ, ಕಾಯಿಲೆಯದೇ ಗುಣ.

ಎಡ ಗ್ರಂಥಿ ಹುಡುಕುವುದು ಸುಲಭ. ಎಡ ಕಿಡ್ನಿ ಹಿಡಿದು, ಮಹಾಪಧಮನಿಯ ಕಡೆ ಸರಿದು, ಕಿಡ್ನಿಗೆ ಹೋಗುವ ರಕ್ತನಾಳ ಕವಲೊಡೆಯುವ ಜಾಗದಿಂದ ಸ್ವಲ್ಪ ಮುಂದೆ ನೋಡಿದರೆ, ಬೆಳ್ಳಗಿನ ಕೊಬ್ಬಿನ ನಡುವೆ ಕಪ್ಪಗೆ, ನಡು ಸಣ್ಣಗಾದ ಕಡಲೆಕಾಯಿಯಂತೆ ಕಾಣುತ್ತದೆ. ಬಲಗಡೆಯದು ಕಾಟ ಕೊಡುತ್ತದೆ. ಅದು ಪಕ್ಕೆಲುಬಿನ ಕೆಳಗೆ, ಲಿವರ್ ಹಿಂದೆ, ಆಳದಲ್ಲಿ, ದೇಹದ ಹಿಂಭಾಗದಿಂದ ಹೃದಯಕ್ಕೆ ರಕ್ತ ತರುವ ಮಹಾಸಿರೆಗೆ ಒರಗಿಕೊಂಡಿರುತ್ತದೆ. ನಾಯಿ ದಪ್ಪಗಿದ್ದರೆ, ಎದೆಗೂಡು ಆಳವಾಗಿದ್ದರೆ, ಏದುಸಿರು ಬಿಡುತ್ತಿದ್ದರೆ ಬಲ ಗ್ರಂಥಿ ಸಿಗದೇ ಇರಬಹುದು. ರಿಪೋರ್ಟಿನಲ್ಲಿ ಬಲ ಅಡ್ರಿನಲ್ ಬಗ್ಗೆ ಒಂದು ಮಾತೂ ಇಲ್ಲದಿದ್ದರೆ, ಕಂಡಿತಾ ಇಲ್ಲವಾ ಎಂದು ಕೇಳಿ. ಕಾಣಲಿಲ್ಲ ಅನ್ನುವುದೂ ಚೆನ್ನಾಗಿದೆ ಅನ್ನುವುದೂ ಒಂದೇ ಅಲ್ಲ.

ಇನ್ನು ಅಳತೆ. ಗ್ರಂಥಿಯ ಹಿಂತುದಿಯ ದಪ್ಪವನ್ನು ಮಿ.ಮೀ. ಲೆಕ್ಕದಲ್ಲಿ ಅಳೆಯುತ್ತಾರೆ. ತುಂಬಾ ವರ್ಷ ಎಲ್ಲ ನಾಯಿಗೂ 7.4 ಮಿ.ಮೀ. ಎಂಬ ಒಂದೇ ಗೆರೆ ಇತ್ತು. ಈಗ ತೂಕ ನೋಡಿ ಹೇಳುತ್ತಾರೆ. 6 ಕಿಲೋದ ಪೊಮೇರಿಯನ್‌ಗೆ 6 ಮಿ.ಮೀ. ದಾಟಿದರೇ ದಪ್ಪ, 35 ಕಿಲೋದ ಲ್ಯಾಬ್ರಡಾರ್‌ಗೆ 7 ಮಿ.ಮೀ. ಇದ್ದರೂ ಸಹಜ. ಪ್ರೋಬನ್ನು ಸ್ವಲ್ಪ ಓರೆ ಹಿಡಿದರೂ ಅರ್ಧ ಮಿ.ಮೀ. ಆಚೀಚೆ ಆಗುತ್ತದೆ. ಅದಕ್ಕೇ 6.3 ಎಂದು ಬಂದ ಒಂದೇ ಸಂಖ್ಯೆ ಹಿಡಿದುಕೊಂಡು ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ.

ದಪ್ಪಕ್ಕಿಂತ ಎರಡೂ ಗ್ರಂಥಿಗಳ ಜೋಡಿ ನೋಟ ಹೆಚ್ಚು ಹೇಳುತ್ತದೆ. ಎರಡೂ ಒಂದೇ ಸಮ ದಪ್ಪಗಿದ್ದರೆ ಬೆರಳು ಪಿಟ್ಯುಟರಿ ಕಡೆ ತೋರುತ್ತದೆ. ಒಂದು ಗಂಟಾಗಿ, ಇನ್ನೊಂದು ಸೊರಗಿದ್ದರೆ ಗಂಟು ಕಾರ್ಟಿಸಾಲ್ ಸುರಿಸುತ್ತಿದೆ ಎಂಬ ಅನುಮಾನ ಬಲವಾಗುತ್ತದೆ. ಅಡ್ರಿನಲ್‌ಗೆ ಕೆಲಸ ಮಾಡು ಎಂದು ಹೇಳುವ ಪಿಟ್ಯುಟರಿಯ ಹಾರ್ಮೋನ್ (ಎ.ಸಿ.ಟಿ.ಎಚ್.) ಆಗ ನಿಂತುಹೋಗುತ್ತದೆ, ಕೆಲಸವಿಲ್ಲದ ಗ್ರಂಥಿ ಸಣ್ಣಗಾಗುತ್ತದೆ. ಸಣ್ಣ ಗ್ರಂಥಿ 5 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಈ ಕಡೆಗೆ ಒಲವು ಜಾಸ್ತಿ. ಎರಡೂ ಸಣ್ಣಗಿದ್ದರೆ ಮೊದಲು ಕೇಳಬೇಕಾದದ್ದು ಕಾರ್ಟಿಸಾಲ್‌ನಂತೆಯೇ ಕೆಲಸ ಮಾಡುವ ಸ್ಟೆರಾಯ್ಡ್ ಔಷಧಿ ಬಗ್ಗೆ. ತುರಿಕೆಗೆ ತಿಂಗಳುಗಟ್ಟಲೆ ಕೊಟ್ಟ ಮಾತ್ರೆ, ಕಿವಿಯ ಡ್ರಾಪ್ಸ್, ಮೆಡಿಕಲ್ ಶಾಪಿನಿಂದ ತಂದು ಹಚ್ಚಿದ ಚರ್ಮದ ಕ್ರೀಮ್ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಇದನ್ನು ಡಾಕ್ಟ್ರಿಗೆ ಹೇಳದೆ ಇದ್ದರೆ ಮುಂದಿನ ಎಲ್ಲ ಪರೀಕ್ಷೆಯೂ ದಾರಿ ತಪ್ಪುತ್ತದೆ.

ಗಂಟಿನ ಗಾತ್ರವೂ ಸುಳಿವು ಕೊಡುತ್ತದೆ. 2 ಸೆಂ.ಮೀ. ಒಳಗಿನ ಗಂಟು ಸಾಧು, ಅಂದರೆ ಕ್ಯಾನ್ಸರ್ ಅಲ್ಲದ್ದು, ಇರುವ ಸಾಧ್ಯತೆ ಹೆಚ್ಚು, 2 ದಾಟಿದರೆ ಅನುಮಾನ ಏರುತ್ತದೆ, 4 ದಾಟಿದರೆ ಕ್ಯಾನ್ಸರ್ ಎಂದೇ ಇಟ್ಟುಕೊಂಡು ಮುಂದಿನ ಹೆಜ್ಜೆ ಯೋಚಿಸುತ್ತಾರೆ. ಆದರೆ ಗಾತ್ರ ನೋಡಿ ತೀರ್ಪು ಬರೆಯಲಾಗುವುದಿಲ್ಲ. ವಯಸ್ಸಿನ ಜೊತೆ ಬರುವ ಸಾಧು ಗಂಟು, ಬೇರೆ ಕಡೆಯಿಂದ ಹರಡಿದ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟಿದ ಉಂಡೆ ಇವೆಲ್ಲ ತೆರೆಯ ಮೇಲೆ ಒಂದನ್ನೊಂದು ಹೋಲುತ್ತವೆ. ಒಳಗೆ ಸುಣ್ಣ ಕಟ್ಟಿದ ಬಿಳಿ ಚುಕ್ಕೆ ಸಾಧು ಗಡ್ಡೆಯಲ್ಲೂ ಇರುತ್ತದೆ, ಕೆಟ್ಟದ್ದರಲ್ಲೂ ಇರುತ್ತದೆ. ಗಂಟು ಕಾರ್ಟಿಸಾಲ್‌ನದೋ ಅಡ್ರಿನಲಿನ್‌ನದೋ ಎಂದೂ ಸ್ಕ್ಯಾನ್ ಹೇಳಲಾರದು. ಅದು ಆಕಾರ ತೋರಿಸುತ್ತದೆ, ಕೆಲಸ ತೋರಿಸುವುದಿಲ್ಲ.

ರಕ್ತನಾಳಕ್ಕೆ ನುಗ್ಗಿದೆಯಾ ಎಂದು ನೋಡಲು, ಸ್ಕ್ಯಾನಿಂಗ್‌ನಲ್ಲೇ ರಕ್ತದ ಹರಿವು ತೋರಿಸುವ ಡಾಪ್ಲರ್ ಇದೆ. ಅನುಭವ ಇರುವ ಕೈ, ಒಳ್ಳೆಯ ಮಷೀನು ಎರಡೂ ಇದ್ದರೆ ಮಹಾಸಿರೆಯೊಳಗಿನ ದೊಡ್ಡ ತುಂಡನ್ನು ಇದೇ ಹಿಡಿದುಕೊಡುತ್ತದೆ. ಗಡ್ಡೆ ನಾಳವನ್ನು ಹೊರಗಿನಿಂದ ಒತ್ತಿದೆಯೋ, ಗೋಡೆ ದಾಟಿ ಒಳಗೆ ಹೋಗಿದೆಯೋ ಅನ್ನುವಲ್ಲಿ ತಡವರಿಸುತ್ತದೆ. ಸರ್ಜನ್‌ಗೆ ಬೇಕಾದದ್ದು ಅದೇ ವಿವರ.

ರಕ್ತ, ಉಚ್ಚೆ, ಬಿ.ಪಿ.

ಹಾರ್ಮೋನ್ ಪ್ರಶ್ನೆಗೆ ಉತ್ತರ ಇಲ್ಲಿದೆ. ಎಲ್ಲಕ್ಕಿಂತ ಅಗ್ಗ ಬಿ.ಪಿ. ನೋಡುವುದು. ಆದರೂ ಎಷ್ಟೋ ಕಡೆ ಇದನ್ನೇ ಬಿಟ್ಟುಬಿಡುತ್ತಾರೆ. ಸಣ್ಣ ಪಟ್ಟಿಯನ್ನು ಕಾಲಿಗೋ ಬಾಲಕ್ಕೋ ಸುತ್ತಿ, ನಾಯಿ ಶಾಂತವಾದ ಮೇಲೆ ನಾಲ್ಕೈದು ಸಲ ನೋಡಬೇಕು. ಮೇಲಿನ ಸಂಖ್ಯೆ ಮತ್ತೆ ಮತ್ತೆ 160 ದಾಟಿದರೆ ಜಾಸ್ತಿ, 180 ದಾಟಿದರೆ ಕಣ್ಣು, ಕಿಡ್ನಿ, ಹೃದಯಕ್ಕೆ ಅಪಾಯ. ಫಿಯೋಕ್ರೋಮೋಸೈಟೋಮಾದಲ್ಲಿ ಬಿ.ಪಿ. ಬಂದು ಹೋಗುವಂಥದ್ದು. ಹಾಗಾಗಿ ಒಂದು ದಿನ ಸರಿ ಇದ್ದರೆ ಅದು ಇಲ್ಲ ಎಂದು ಅರ್ಥವಲ್ಲ.

ಕುಷಿಂಗ್‌ಗೆ ಮೂರು ದಾರಿ. ಉಚ್ಚೆಯಲ್ಲಿ ಕಾರ್ಟಿಸಾಲ್ ಮತ್ತು ಕ್ರಿಯಾಟಿನಿನ್ ಅನುಪಾತ ನೋಡುವುದು ಒಂದು. ಬೆಳಿಗ್ಗೆ ಮೊದಲ ಉಚ್ಚೆಯನ್ನು ಮನೆಯಲ್ಲೇ ಹಿಡಿಯಬೇಕು. ಆಸ್ಪತ್ರೆಗೆ ಹೋಗಿಬಂದ ಗಾಬರಿಗೇ ಕಾರ್ಟಿಸಾಲ್ ಏರುವುದರಿಂದ ಒಂದೆರಡು ದಿನ ಬಿಟ್ಟು ಹಿಡಿಯುವುದು ಒಳ್ಳೆಯದು. ಉತ್ತರ ಸಹಜ ಬಂದರೆ ಕುಷಿಂಗ್ ಬಹುಮಟ್ಟಿಗೆ ಇಲ್ಲ. ಜಾಸ್ತಿ ಬಂದರೆ ಇದೆ ಎಂದು ಹೇಳಲಾಗುವುದಿಲ್ಲ, ಬೇರೆ ಯಾವ ಕಾಯಿಲೆಗೂ ಅದು ಏರಬಹುದು.

ಎರಡನೆಯದು ಕಡಿಮೆ ಪ್ರಮಾಣದ ಡೆಕ್ಸಾಮೆಥಸೋನ್ ಪರೀಕ್ಷೆ. ಡೆಕ್ಸಾ ಒಂದು ಸ್ಟೆರಾಯ್ಡ್, ಆರೋಗ್ಯವಂತ ನಾಯಿಯಲ್ಲಿ ಅದು ಕಾರ್ಟಿಸಾಲ್ ಇಳಿಸುತ್ತದೆ. ಒಂದು ರಕ್ತ ತೆಗೆದು, ಕಿಲೋಗೆ 0.01 ಮಿ.ಗ್ರಾಂ. ಡೆಕ್ಸಾ ಕೊಟ್ಟು, 4 ಗಂಟೆಗೆ ಮತ್ತು 8 ಗಂಟೆಗೆ ಮತ್ತೆ ರಕ್ತ ತೆಗೆಯುತ್ತಾರೆ. ಇಡೀ ದಿನದ ಕೆಲಸ. ಕಾರ್ಟಿಸಾಲ್ ಸುರಿಸುವ ಅಡ್ರಿನಲ್ ಗಡ್ಡೆ ಈ ಪರೀಕ್ಷೆಯಿಂದ ತಪ್ಪಿಸಿಕೊಳ್ಳುವುದು ತೀರಾ ಅಪರೂಪ. ಮೂರನೆಯದು ಎ.ಸಿ.ಟಿ.ಎಚ್. ಚುಚ್ಚಿ ನೋಡುವ ಪರೀಕ್ಷೆ. ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ, ಆದರೆ ಅಡ್ರಿನಲ್ ಗಡ್ಡೆ ಇರುವ ನಾಯಿಗಳಲ್ಲಿ ಸುಮಾರು 60% ಮಾತ್ರ ಹಿಡಿಯುತ್ತದೆ. ಸ್ಕ್ಯಾನಿನಲ್ಲಿ ಗಂಟು ಕಂಡಾಗಿದೆ ಅಂದಮೇಲೆ ನಾನಾದರೆ ಡೆಕ್ಸಾ ಪರೀಕ್ಷೆಯನ್ನೇ ಕೇಳುತ್ತೇನೆ. ನಾಯಿಗೆ ಬೇರೆ ಜೋರು ಕಾಯಿಲೆ ಇರುವಾಗ ಇವ್ಯಾವುದನ್ನೂ ಮಾಡಿಸಬೇಡಿ. ಕುಷಿಂಗ್ ಲಕ್ಷಣ ಒಂದೂ ಇಲ್ಲದಿದ್ದರಂತೂ ಸುಳ್ಳು ಉತ್ತರ ಬಂದು ತಲೆ ಕೆಡುತ್ತದೆ.

ಫಿಯೋಕ್ರೋಮೋಸೈಟೋಮಾ ಅನುಮಾನಕ್ಕೆ ಉಚ್ಚೆಯ ನಾರ್ಮೆಟಾನೆಫ್ರಿನ್ (ಅಡ್ರಿನಲಿನ್ ಜಾತಿಯ ಹಾರ್ಮೋನ್ ಒಡೆದಾಗ ಉಳಿಯುವ ವಸ್ತು) ಪರೀಕ್ಷೆ ಒಳ್ಳೆಯದು. ಎಲ್ಲ ಲ್ಯಾಬಿನಲ್ಲೂ ಸಿಗುವುದಿಲ್ಲ, ಮಾದರಿ ಕಳಿಸುವ ರೀತಿಯೂ ಬೇರೆ. ನಿಮ್ಮ ಡಾಕ್ಟ್ರು ಲ್ಯಾಬಿಗೆ ಮೊದಲೇ ಫೋನ್ ಮಾಡಿ ಕೇಳಬೇಕು.

ಸಿ.ಟಿ. ಸ್ಕ್ಯಾನ್

ಆಪರೇಷನ್ ಮಾಡಿಸುವ ಮನಸ್ಸಿದ್ದರೆ ಸಿ.ಟಿ. ಬೇಕು. ಮನಸ್ಸಿಲ್ಲದಿದ್ದರೆ ಬಹುಪಾಲು ಬೇಡ. ಇಷ್ಟು ಖಡಾಖಂಡಿತ ಹೇಳುವುದಕ್ಕೆ ಕಾರಣ ಇದೆ. ಸಿ.ಟಿ.ಯ ನಿಜವಾದ ಬಲ ಇರುವುದು ಸರ್ಜನ್‌ಗೆ ನಕ್ಷೆ ಕೊಡುವುದರಲ್ಲಿ. ಗಡ್ಡೆ ಯಾವ ನಾಳಕ್ಕೆ, ಎಷ್ಟು ದೂರ ನುಗ್ಗಿದೆ, ಕಿಡ್ನಿಗೆ ಅಂಟಿದೆಯಾ, ಶ್ವಾಸಕೋಶಕ್ಕೆ ಹರಡಿದೆಯಾ ಎಲ್ಲ ಒಂದೇ ಸಲ ಸಿಗುತ್ತದೆ. ನಾಳಕ್ಕೆ ನುಗ್ಗಿದ್ದನ್ನು ಹಿಡಿಯುವುದರಲ್ಲಿ ಸಾಮಾನ್ಯ ಸ್ಕ್ಯಾನಿಂಗ್‌ಗಿಂತ ನಂಬಿಕಸ್ಥ. ದಪ್ಪ ನಾಯಿ, ಗಾಳಿ ತುಂಬಿದ ಹೊಟ್ಟೆ ಇದಕ್ಕೆ ಅಡ್ಡಿಯಲ್ಲ. ಪಿಟ್ಯುಟರಿಯನ್ನೂ ಅದೇ ಸಲ ನೋಡಿಬಿಡಬಹುದು.

ತೂಗಬೇಕಾದದ್ದು ಇನ್ನೊಂದು ತಟ್ಟೆಯಲ್ಲಿದೆ. ಅರಿವಳಿಕೆ ಅಥವಾ ಗಾಢ ಮಂಪರು ಬೇಕು, ಚಿತ್ರದಲ್ಲಿ ನಾಳಗಳು ಎದ್ದು ಕಾಣಲು ರಕ್ತನಾಳಕ್ಕೆ ಕಾಂಟ್ರಾಸ್ಟ್ ಔಷಧಿ ಹೋಗುತ್ತದೆ, ಕಿಡ್ನಿ ಸರಿ ಇರಬೇಕು. ಪ್ರಾಣಿಗಳಿಗೆ ಸಿ.ಟಿ. ಮಾಡುವ ಜಾಗ ದೊಡ್ಡ ಊರುಗಳಲ್ಲೇ ಹೆಚ್ಚು. ಖರ್ಚು ಸ್ಕ್ಯಾನಿಂಗ್‌ನ ಹಲವು ಪಟ್ಟು. ಮತ್ತೆ, ಇದೂ ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಖಚಿತವಾಗಿ ಹೇಳುವುದಿಲ್ಲ. ಅದನ್ನು ಹೇಳುವುದು ತೆಗೆದ ಗಡ್ಡೆಯನ್ನು ನೋಡುವ ಪೆಥಾಲಜಿಸ್ಟ್. ಎಂ.ಆರ್.ಐ. ಅಡ್ರಿನಲ್ ಗಡ್ಡೆಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಎಕ್ಸ್‌ರೇಯಲ್ಲಿ ದೊಡ್ಡ ಅಥವಾ ಸುಣ್ಣ ಕಟ್ಟಿದ ಗಡ್ಡೆ ಮಾತ್ರ ಕಾಣುತ್ತದೆ. ಎದೆಯ ಎಕ್ಸ್‌ರೇ ಮಾತ್ರ ಅಗ್ಗದಲ್ಲಿ ಹರಡುವಿಕೆ ನೋಡಲು ಉಪಯೋಗ.

ಆಪರೇಷನ್ ದೊಡ್ಡದು. ಆಪರೇಷನ್ ವೇಳೆ ಮತ್ತು ಅದರ ಹಿಂದೆಯೇ ಹತ್ತರಲ್ಲೊಂದರಿಂದ ಐದರಲ್ಲೊಂದು ನಾಯಿ ಉಳಿಯದೇ ಇರುವುದನ್ನು ವರದಿಗಳು ತೋರಿಸಿವೆ. ಬಲಗಡೆಯ ಗಡ್ಡೆ ಮಹಾಸಿರೆಗೆ ಅಂಟಿರುವುದರಿಂದ ಇನ್ನೂ ಕಷ್ಟ. ಫಿಯೋಕ್ರೋಮೋಸೈಟೋಮಾ ಅನುಮಾನ ಇದ್ದರೆ ಆಪರೇಷನ್‌ಗೆ ಮುಂಚೆ ಎರಡು ಮೂರು ವಾರ ಫಿನಾಕ್ಸಿಬೆಂಜಮಿನ್ ಎಂಬ ಬಿ.ಪಿ. ಔಷಧಿ ಕೊಡುತ್ತಾರೆ. ಕಾರ್ಟಿಸಾಲ್ ಗಡ್ಡೆ ತೆಗೆದರೆ ಸೊರಗಿದ ಇನ್ನೊಂದು ಗ್ರಂಥಿ ಚೇತರಿಸುವವರೆಗೆ ಸ್ಟೆರಾಯ್ಡ್ ಕೊಡಬೇಕು. ಈ ದಾರಿಗೆ ಸಿದ್ಧರಿದ್ದೀರಾ ಎಂದು ಮನೆಯವರೆಲ್ಲ ಕೂತು ಮಾತಾಡಿಕೊಂಡ ಮೇಲೆ ಸಿ.ಟಿ. ದಿನ ಗೊತ್ತು ಮಾಡಿ.

ಸೂಜಿ ಚುಚ್ಚಿ ನೋಡುವುದು

ಸ್ಕ್ಯಾನ್ ನೋಡುತ್ತಾ ಸಣ್ಣ ಸೂಜಿಯಿಂದ ಜೀವಕೋಶ ತೆಗೆದರೆ ಗಡ್ಡೆ ಹೊರಪದರದ್ದೋ ಒಳಭಾಗದ್ದೋ ಎಂದು ಬಹುಪಾಲು ಹೇಳಬಹುದು. ಸಾಧುವೋ ಕ್ಯಾನ್ಸರೋ ಎಂದು ಹೇಳುವುದು ಕಷ್ಟ. ರಕ್ತ ಸೋರುವ, ಫಿಯೋಕ್ರೋಮೋಸೈಟೋಮಾ ಆಗಿದ್ದರೆ ಬಿ.ಪಿ. ಚಿಮ್ಮುವ ಅಪಾಯ ಇದೆ. ಎಲ್ಲರಿಗೂ ಮಾಡಿಸುವ ಪರೀಕ್ಷೆಯಲ್ಲ. ಬೇರೆ ಕಡೆಯ ಕ್ಯಾನ್ಸರ್ ಇಲ್ಲಿಗೆ ಹರಡಿದೆಯಾ ಎಂಬ ಪ್ರಶ್ನೆ ಇದ್ದಾಗ ಮಾತ್ರ ನನಗೆ ಒಪ್ಪಿಗೆ, ಅದೂ ಅನುಭವಸ್ಥರ ಕೈಯಲ್ಲಿ.

ಹಾಗಾದರೆ ನೀವು?

ಬೇರೆ ಯಾವುದೋ ಕಾರಣಕ್ಕೆ, ಮೂತ್ರಕೋಶದ ಕಲ್ಲು ನೋಡಲು ಅಂತಿಟ್ಟುಕೊಳ್ಳಿ, ಸ್ಕ್ಯಾನ್ ಮಾಡಿಸಿದಾಗ 1 ಸೆಂ.ಮೀ. ಗಂಟು ಸಿಕ್ಕಿದೆ. ನಾಯಿ ಚೆನ್ನಾಗಿದೆ. ಹೀಗೆ ಅಚಾನಕ್ಕಾಗಿ ಸಿಗುವುದು ಅಪರೂಪವಲ್ಲ. ಒಂದು ದೊಡ್ಡ ಅಧ್ಯಯನದಲ್ಲಿ ಹೊಟ್ಟೆ ಸ್ಕ್ಯಾನ್ ಮಾಡಿದ ನಾಯಿಗಳಲ್ಲಿ ನೂರಕ್ಕೆ ಸುಮಾರು ನಾಲ್ಕರಲ್ಲಿ ಸಿಕ್ಕಿತ್ತು. ಬಿ.ಪಿ. ನೋಡಿಸಿ. ಸರಿ ಇದ್ದರೆ ಒಂದು ತಿಂಗಳ ಆಸುಪಾಸಿನಲ್ಲಿ ಮತ್ತೆ ಸ್ಕ್ಯಾನ್, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ. ಸಾಧ್ಯವಾದರೆ ಅದೇ ಜಾಗ, ಅದೇ ಕೈ. ಚಿತ್ರಗಳನ್ನು ಪೆನ್‌ಡ್ರೈವಿನಲ್ಲಿ ಕೇಳಿ ಪಡೆಯಿರಿ, ಬರೀ ರಿಪೋರ್ಟಿನ ಕಾಗದ ಸಾಲದು. ಬೆಳೆಯದೆ ಇದ್ದರೆ ಅಷ್ಟಕ್ಕೇ ಇರಲಿ.

ಕುಷಿಂಗ್ ಲಕ್ಷಣ ಇದೆ, ಸ್ಕ್ಯಾನಿನಲ್ಲಿ ಒಂದು ಗಂಟು, ಇನ್ನೊಂದು ಗ್ರಂಥಿ ಸೊರಗಿದೆ, ಬಜೆಟ್ ಬಿಗಿ. ಡೆಕ್ಸಾ ಪರೀಕ್ಷೆ, ಬಿ.ಪಿ., ಎದೆಯ ಎಕ್ಸ್‌ರೇ, ಇಷ್ಟಕ್ಕೆ ನಿಲ್ಲಿಸಿ. ಆಪರೇಷನ್ ಇಲ್ಲದೆ ಟ್ರೈಲೋಸ್ಟೇನ್ ಮಾತ್ರೆಯಿಂದ ಕಾರ್ಟಿಸಾಲ್ ಹತೋಟಿಗೆ ತರಬಹುದು. ಗಡ್ಡೆ ಹೋಗುವುದಿಲ್ಲ, ಆದರೆ ನೀರು, ಉಚ್ಚೆ, ಏದುಸಿರು ತಗ್ಗಿ ನಾಯಿ ನೆಮ್ಮದಿಯಾಗಿರುತ್ತದೆ. ಮಾತ್ರೆಗೂ, ಆಗಾಗ ರಕ್ತ ಪರೀಕ್ಷೆಗೂ ತಿಂಗಳ ಖರ್ಚು ಬರುತ್ತದೆ. ಸಿ.ಟಿ.ಗೆ ಎಲ್ಲ ಸುರಿದು ಮಾತ್ರೆಗೆ ಕೈ ಖಾಲಿ ಮಾಡಿಕೊಂಡರೆ ಏನು ಪ್ರಯೋಜನ, ಅಲ್ವಾ?

ಅದೇ ನಾಯಿಗೆ ಎಂಟು ವರ್ಷ, ಉಳಿದಂತೆ ಗಟ್ಟಿಯಾಗಿದೆ, ಗಡ್ಡೆ 3 ಸೆಂ.ಮೀ., ದುಡ್ಡು ಹೊಂದಿಸಬಹುದು ಅಂದರೆ ನನ್ನ ಮಾತು ಬೇರೆ. ಹಾರ್ಮೋನ್ ಪರೀಕ್ಷೆ ಮುಗಿಸಿ ಸಿ.ಟಿ.ಗೆ ಹೋಗಿ. ತಡ ಮಾಡಬೇಡಿ. ನಾಳಕ್ಕೆ ನುಗ್ಗುವ ಮುಂಚೆ ತೆಗೆದರೆ ಸರ್ಜನ್‌ಗೂ ಸುಲಭ, ನಾಯಿಗೂ. ಮೊದಲೇ ಸರ್ಜನ್ ಜೊತೆ ಮಾತಾಡಿ, ಅವರಿಗೆ ಬೇಕಾದ ರೀತಿಯಲ್ಲೇ ಸಿ.ಟಿ. ಮಾಡಿಸಿ. ಇಲ್ಲದಿದ್ದರೆ ಎರಡು ಸಲ ಅರಿವಳಿಕೆ ಕೊಡಬೇಕಾದೀತು.

ಊರಲ್ಲಿ ಸ್ಕ್ಯಾನಿಂಗ್ ಮಾಡುವವರೇ ಇಲ್ಲ ಅನ್ನುವವರು ಹತ್ತಿರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಫೋನ್ ಮಾಡಿ. ನಮ್ಮಲ್ಲಿ ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಗದಗ, ಬೀದರಿನಲ್ಲಿ ಕಾಲೇಜುಗಳಿವೆ. ಖಾಸಗಿಗಿಂತ ದರ ಸಾಮಾನ್ಯವಾಗಿ ಕಡಿಮೆ. ನಾಯಿಯ ಹೊಟ್ಟೆ ಸ್ಕ್ಯಾನ್ ಮಾಡುವವರು ಯಾವ ದಿನ ಇರುತ್ತಾರೆ, ಅಡ್ರಿನಲ್ ಅಳತೆ ಕೊಡುತ್ತಾರಾ ಎಂದು ಕೇಳಿಕೊಂಡೇ ಹೊರಡಿ.

ಯಾವ ದಾರಿ ಆರಿಸಿದರೂ, ನಾಯಿ ದಿಢೀರ್ ಕುಸಿದು ಒಸಡು ಬೆಳ್ಳಗಾದರೆ, ಹೊಟ್ಟೆ ಮುಟ್ಟಿದರೆ ನೋವಿನಿಂದ ಕೂಗಿದರೆ, ಒಂದೇ ದಿನದಲ್ಲಿ ಕಣ್ಣು ಕಾಣದಂತಾದರೆ ಮುಂದಿನ ಸ್ಕ್ಯಾನ್ ದಿನಕ್ಕೆ ಕಾಯಬೇಡಿ. ಗಡ್ಡೆ ಒಡೆದು ಒಳಗೆ ರಕ್ತ ಸೋರುತ್ತಿರಬಹುದು, ಅಥವಾ ಬಿ.ಪಿ. ಏರಿರಬಹುದು. ರಾತ್ರಿಯಾದರೂ ಹೊರಡಿ. ಅಲ್ಲಿ ಇರುವವರು ನಿಮ್ಮ ಡಾಕ್ಟ್ರು ಅಲ್ಲದಿದ್ದರೆ ಅಡ್ರಿನಲ್ ಗಡ್ಡೆ ಇದೆ ಎಂದು ಮೊದಲೇ ಹೇಳಿ, ಹಳೆಯ ರಿಪೋರ್ಟ್ ಕೈಗೆ ಕೊಡಿ. ನಾಯಿಯನ್ನು ಸುಮ್ಮನಾಗಿಸಲು ಯಾವ ಚುಚ್ಚುಮದ್ದು ಕೊಡಬೇಕು, ಯಾವುದು ಕೊಡಬಾರದು ಅನ್ನುವುದು ಅದರಿಂದಲೇ ಬದಲಾಗುತ್ತದೆ.